ಮಾಣಿಕಮ್ಮನ ಕಲ್ಲಿಗೆ ಒಪ್ಪುವ ರಾಡು

ಮಿರಗಕ್ಕೆ ಇನ್ನೊಂದು ವಾರವಿದೆ ಎನ್ನುವಾಗ, ಒಂದು ಶುಕ್ರವಾರ ಬೆಳಿಗ್ಗೆ, ನಾನೂ ನನ್ನ ಸೋದರತ್ತೆ ಮಾಣಿಕಮ್ಮನೂ ಜಹೀರಾಬಾದಿನ ನನ್ನ ಬಾಡಿಗೆ ಕೋಣೆಗೆ ಬೀಗ ಹಾಕಿ ಹೊರಟೆವು. ನಮ್ಮ ಊರು ಕಲ್ಹೇರ್ ಹತ್ತಿರ. ನಾರಾಯಣಖೇಡದವರೆಗೆ ಒಂದು ಬಸ್ಸು, ಅಲ್ಲಿಂದ ಊರಿಗೆ ಇನ್ನೊಂದು. ಬೆಳಿಗ್ಗೆ ಬಿಟ್ಟರೆ ಮಧ್ಯಾಹ್ನದ ಊಟ ಮನೆಯಲ್ಲಿ. ಈ ಸಲ ಮಾತ್ರ ಊರು ಮುಟ್ಟುವಷ್ಟರಲ್ಲಿ ವಾರ ಕಳೆಯಿತು. ಊರು ಇರುವುದು ಉತ್ತರಕ್ಕೆ, ನಾವು ದಕ್ಷಿಣದ ತಾಂಡೂರನ್ನೂ ಸುತ್ತಿ ಬಂದೆವು. ಅಷ್ಟು ಸುತ್ತಿಸಿದ್ದು ಒಂದು ಗಾಳದ ಕೋಲು.

ಮಾಣಿಕಮ್ಮ ನಮ್ಮಪ್ಪನ ಅಕ್ಕ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಬಿ.ಎಸ್ಸಿ. ಪಾಸಾಗಲು ನಾನು ಪಟ್ಟ ಪಾಡು ನನಗೆ ಗೊತ್ತು, ಅತ್ತೆಗೆ ಗೊತ್ತು. ಈಗ ಟ್ರ್ಯಾಕ್ಟರಿನ ಗೇರು ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿ ಗೇರುಗಳ ಅಳತೆ ನೋಡುವ ಕೆಲಸ ನನ್ನದು. ಪದವಿಯ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ಊರ ಮನೆಯ ಗೋಡೆಗೆ ಮೊಳೆ ಹೊಡೆದವಳು ಅತ್ತೆಯೇ. ಅದರ ಕೆಳಗೆ ಅವಳ ಬಿದಿರಿನ ಗಾಳದ ಕೋಲು ಒರಗಿರುತ್ತದೆ. ಮನೆಗೆ ಬಂದವರಿಗೆ ಎರಡನ್ನೂ ತೋರಿಸುತ್ತಾಳೆ: "ಇದು ನಂದು, ಅದು ನಮ್ಮ ಸುಜಿದು."

ನಮ್ಮೂರಿನಲ್ಲಿ ಗಂಡಸರದು ಬಲೆ, ಹೆಂಗಸರದು ಗಾಳ. ಕೆರೆಯ ಕಟ್ಟೆಯ ಕೆಳಗೆ ಸಾಲಾಗಿ ಚಪ್ಪಟೆ ಕಲ್ಲುಗಳಿವೆ. ಒಂದೊಂದು ಕಲ್ಲು ಒಬ್ಬೊಬ್ಬ ಹೆಂಗಸಿನದು. ಅತ್ತೆಯ ಕಲ್ಲು ಜಾಲಿ ಮರದ ನೆರಳಿನಲ್ಲಿದೆ, ಎದುರಿಗೆ ತಾವರೆ ಎಲೆಗಳು. ಕೊರಮೀನು ಅಡಗುವ ಜಾಗ. ಮಿರಗ, ಅಂದರೆ ಮೃಗಶಿರ ಮಳೆ ಹುಟ್ಟುವ ದಿನ, ನಮ್ಮ ಕಡೆ ಮನೆಮನೆಯಲ್ಲಿ ಮೀನು ಬೇಯಬೇಕು. ಆ ದಿನ ಕಲ್ಲಿನವಳು ತನ್ನ ಕಲ್ಲಿನ ಮೇಲೆ ಕೂತು, ಗಾಳ ಹಾಕಿ, ಒಂದಾದರೂ ಮೀನು ತೆಗೆಯಬೇಕು. ಮನೆಯವರು ಯಾರೂ ಮೀನಿಗೆ ಕೈ ಹಚ್ಚಬಾರದು. ಎರಡು ಮಿರಗ ಸಾಲಾಗಿ ತಪ್ಪಿದರೆ ಕಲ್ಲು ಪಕ್ಕದ ಕಲ್ಲಿನವಳಿಗೆ ಹೋಗುತ್ತದೆ. ಪಕ್ಕದವಳು ತುಳಜಮ್ಮ. ಅವಳ ಕಲ್ಲಿಗೆ ದಿನವಿಡೀ ಬಿಸಿಲು.

ಹೋದ ವರ್ಷ ಮಿರಗಕ್ಕೆ ಸ್ವಲ್ಪ ಮುಂಚೆ ಅತ್ತೆಯ ಬಲ ಭುಜ ಹಿಡಿದುಬಿಟ್ಟಿತು. ಮೊಣಕೈಯಿಂದ ಕೆಳಗೆ ಎಲ್ಲ ನೆಟ್ಟಗಿದೆ, ಬೆರಳು ಆಡುತ್ತವೆ, ರೊಟ್ಟಿ ಬಡಿಯುತ್ತಾಳೆ. ಆದರೆ ತೋಳು ಮೇಲೆ ಏಳುವುದಿಲ್ಲ, ಪಕ್ಕಕ್ಕೆ ಚಾಚುವುದಿಲ್ಲ. ನಮ್ಮವರು ಗಾಳಕ್ಕೆ ಬಿದ್ದ ಮೀನನ್ನು ಎಳೆಯುವುದಿಲ್ಲ. ಎರಡು ಕೈಯಲ್ಲಿ ಬಿದಿರನ್ನು ಎತ್ತಿ, ತಲೆಯ ಮೇಲಿಂದ ಹಿಂದಕ್ಕೆ ಒಗೆಯುತ್ತಾರೆ. ಮೀನು ಕಟ್ಟೆಯ ಹುಲ್ಲಿನಲ್ಲಿ ಹೋಗಿ ಬೀಳುತ್ತದೆ. ಅದು ಅತ್ತೆಗೆ ಆಗಲಿಲ್ಲ. ಹೋದ ಮಿರಗದಂದು ಅವಳ ಕಲ್ಲು ಖಾಲಿ ಉಳಿಯಿತು. ಈ ಸಲ ಜಹೀರಾಬಾದಿಗೆ ಕರೆತಂದು ಹದಿನೈದು ದಿನ ವ್ಯಾಯಾಮ ಮಾಡಿಸಿದೆ. ನೋವು ಇಳಿಯಿತು, ತೋಳು ಏಳಲಿಲ್ಲ.

"ಬಿದಿರು ಎತ್ತೋದು ಬಂದ್ ರೀ ಅಮ್ಮಾ," ಎಂದರು ಡಾಕ್ಟರು.

"ಬಿದಿರು ಬಂದ್ ಆದ್ರ ನಾನೂ ಬಂದ್ ರೀ," ಎಂದಳು ಅತ್ತೆ.

ಅದಕ್ಕೇ ನಾನು ಫೋನಿನಲ್ಲಿ ರಾಡು-ರೀಲುಗಳ, ಅಂದರೆ ದಾರ ಸುತ್ತುವ ಗಾಲಿ ಹಚ್ಚಿದ ಗಾಳದ ಕೋಲುಗಳ, ವಿಡಿಯೋ ನೋಡಲು ಶುರುಮಾಡಿದ್ದು. ಅಮೆರಿಕದಲ್ಲಿ ಬಾಸ್ ಎಂಬ ಮೀನಿದೆಯಂತೆ. ಎಲೆಗಳ ಅಡಿಯಲ್ಲಿ ಅಡಗಿ, ಮೇಲೆ ಹಾದುಹೋಗುವ ಕಪ್ಪೆಯನ್ನು ಹಾರಿ ಹಿಡಿಯುತ್ತದೆ. ಹಾವಿನಂಥ ತಲೆಯ ನಮ್ಮ ಕೊರಮೀನಿನ ಗುಣವೂ ಅದೇ. ಹಾಗಾಗಿ ನಮ್ಮ ಕಡೆಯ ಶೋಕಿ ಹುಡುಗರು ಬಾಸ್ ಮೀನಿನ ರಾಡುಗಳನ್ನೇ ತರಿಸಿ ಕೊರಮೀನು ಹಿಡಿಯುತ್ತಾರೆ. ಆ ರಾಡನ್ನು ಎತ್ತಿ ಒಗೆಯಬೇಕಿಲ್ಲ, ಮಣಿಕಟ್ಟಿನಲ್ಲಿ ಬೀಸಿದರೆ ಸಾಕು. ಮೀನನ್ನು ಎಳೆದು ತರುವುದು ರೀಲಿನ ಕೆಲಸ. ಎಡಗೈಯಲ್ಲಿ ರಾಡು, ಬಲಗೈಯಲ್ಲಿ ರೀಲಿನ ಹಿಡಿಕೆ. ಮೊಣಕೈ ಆಡಿದರಾಯಿತು, ಭುಜ ಸುಮ್ಮನಿರಬಹುದು. ಲೆಕ್ಕ ಸರಿಯಾಗಿತ್ತು. ಅತ್ತೆಗೆ ಹೇಳಿದಾಗ ನಕ್ಕಳು.

"ಗಾಳ ಹಾಕಾಕ ಡಿಗ್ರಿ ಬೇಕಾತೇನು ಸುಜಿ?"

ಹಳೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇಲಿಯಾಸ್ ಭಾಯ್ ಅವರ ಅಂಗಡಿ. ಹಗ್ಗ, ತಾಡಪತ್ರಿ, ಬಲೆ, ಈಗ ಎರಡು ವರ್ಷದಿಂದ ರಾಡುಗಳು. ಕಬ್ಬಿನ ಹಾಲಿನ ಗಾಡಿಯವನಿಂದ ಮೂರು ಗ್ಲಾಸು ತರಿಸಿ, ಅತ್ತೆಗೆ ಸ್ಟೂಲು ಹಾಕಿ, ಮೂರು ಜೋಡಿ ತೆಗೆದಿಟ್ಟರು.

ಮೊದಲನೆಯದು ಏಳು ಅಡಿಯ ಬಿರುಸಾದ ರಾಡು. ಅದರ ರೀಲು ಮೇಲ್ಭಾಗದಲ್ಲಿ ಕೂರುತ್ತದೆ, ಒಗೆಯುವಾಗ ಸುರುಳಿಯ ಮೇಲೆ ಹೆಬ್ಬೆರಳಿಟ್ಟು ದಾರವನ್ನು ತಡೆಯಬೇಕು. ಹುಡುಗರಿಗೆಲ್ಲ ಇದರದ್ದೇ ಹುಚ್ಚು. ಅತ್ತೆ ಓಣಿಯಲ್ಲಿ ಒಂದು ಸಲ ಬೀಸಿದಳು. ಹೆಬ್ಬೆರಳು ತಡವಾಯಿತು. ದಾರವೆಲ್ಲ ರೀಲಿನೊಳಗೇ ಗಂಟುಗಂಟಾಗಿ ಉಬ್ಬಿ ನಿಂತಿತು.

"ಗುಬ್ಬಿ ಗೂಡು ಕಟ್ಟೇತಿ ನೋಡ್ರಿ," ಎಂದು ತಿರುಗಿ ಕೊಟ್ಟಳು. "ತತ್ತಿ ಇಟ್ಟಮ್ಯಾಲ ಹೇಳ್ರಿ."

ಇನ್ನೊಂದು ಮೋಟು ರಾಡು, ರೀಲು ಸಮೇತ ಸಿಗುವ ಅಗ್ಗದ ಜೋಡಿ. ತೊಗರಿ ಕಟ್ಟಿಗೆಯಷ್ಟು ದಪ್ಪ, ಸಂಜೆಯವರೆಗೆ ಹಿಡಿದರೆ ಮಣಿಕಟ್ಟು ಹೋದಂತೆಯೇ. ಉಳಿದದ್ದು ಆರೂವರೆ ಅಡಿಯ ಸಪೂರ ರಾಡು. ಅದರ ರೀಲು ಕೆಳಗೆ ತೂಗುತ್ತದೆ, ಹಿಡಿಕೆಯನ್ನು ಎಡಕ್ಕೆ ಬೇಕಾದರೆ ಎಡಕ್ಕೆ, ಬಲಕ್ಕೆ ಬೇಕಾದರೆ ಬಲಕ್ಕೆ ಹಾಕಬಹುದು. ನನ್ನ ಕಣ್ಣು ಮೊದಲಿನಿಂದ ಇದರ ಮೇಲೆಯೇ ಇತ್ತು.

"ಕೊರಮೀನು ಅಂದ್ರ ಪೈಲ್ವಾನ್ ರೀ ಖಾಲಾ," ಎಂದು ಇಲಿಯಾಸ್ ಭಾಯ್ ಇದ್ದುದರಲ್ಲಿ ದೊಡ್ಡ ರೀಲು ಹಚ್ಚಿದರು. "ದೊಡ್ಡದು ಇರ್ಬೇಕು."

ನಾನು ಹಿಡಿಕೆ ತಿರುಗಿಸಿ ಎಣಿಸಿದೆ. ಹಿಡಿಕೆ ಒಂದು ಸುತ್ತು ತಿರುಗಿದರೆ ದಾರ ಸುತ್ತುವ ಭಾಗ ಐದು ಸುತ್ತು ಚಿಲ್ಲರೆ. ಕೆಲವು ರೀಲುಗಳಲ್ಲಿ ಏಳು ಸುತ್ತುತ್ತದೆ. ದಾರ ಬೇಗ ಬರುತ್ತದೆ, ಆದರೆ ಕೈಗೆ ಭಾರ. ಟ್ರ್ಯಾಕ್ಟರಿನಲ್ಲೂ ಹಾಗೇ: ರೋಡಿನ ಮೇಲೆ ಓಡಿಸುವ ಗೇರು ಕೆಸರಿನಲ್ಲಿ ಕೆಲಸಕ್ಕೆ ಬರುವುದಿಲ್ಲ. ಎಲೆಗಳ ಅಡಿಯಿಂದ ಮೀನು ಎಳೆಯಬೇಕಾದ ಅತ್ತೆಗೆ ಕೆಸರಿನ ಗೇರೇ ಬೇಕು. ಇದನ್ನು ಹೇಳಿದಾಗ ಇಲಿಯಾಸ್ ಭಾಯ್, "ಬೇಟಿ ಭಾಳ ಓದ್ಯಾಳ," ಎಂದರು. ಅತ್ತೆ ಸ್ಟೂಲಿನ ಮೇಲೆ ಸ್ವಲ್ಪ ಎತ್ತರವಾದಳು.

ಓಣಿಯ ಆಚೆ ಹಿಂಡಿಯ ಚೀಲಗಳಿದ್ದವು. ಅತ್ತೆ ಎದ್ದು ನಿಂತು, ದಾರದ ತುದಿಗೆ ಸೀಸದ ಗುಂಡು ಕಟ್ಟಿಸಿಕೊಂಡು, ಎಡಗೈಯಲ್ಲಿ ಬೀಸಿದಳು. ಮೊದಲಿನದು ಚೀಲದ ಬುಡಕ್ಕೆ ಹೋಯಿತು. ಎರಡನೆಯದು ಅಲ್ಲಿ ನಿಂತಿದ್ದ ಆಟೋದ ಮೇಲೆ ಠಣ್ ಎಂದಿತು.

"ಯಕ್ಕಾ, ನನ್ನ ಹಿಡಿಯಾಕ ಹತ್ತೀಯೇನು?" ಎಂದು ಆಟೋದವನು ತಲೆ ಹೊರಹಾಕಿದ.

"ನಿನ್ನ ಹಿಡಿದು ಏನ್ ಮಾಡ್ಲಿ, ಮೈಯಾಗ ಬರೇ ಮುಳ್ಳು!" ಎಂದಳು ಅತ್ತೆ. ಓಣಿಯೇ ನಕ್ಕಿತು. ಮೂರನೆಯದು ನೇರ ಚೀಲಕ್ಕೆ ಬಡಿಯಿತು. ರಾಡು, ದೊಡ್ಡ ರೀಲು, ಹೊಟ್ಟೆಯಡಿ ಕೊಕ್ಕೆಯಿರುವ ರಬ್ಬರಿನ ಎರಡು ಕಪ್ಪೆ ಕೊಂಡು ನಾವು ಬಸ್ಸು ಹತ್ತಿದೆವು. ನನಗೆ ಆಗ ಇದ್ದ ಹೆಮ್ಮೆ ಬಿ.ಎಸ್ಸಿ. ಫಲಿತಾಂಶ ಬಂದ ದಿನವೂ ಇರಲಿಲ್ಲ.

ನಮ್ಮ ರಾಜ್ಯದಲ್ಲಿ ಹೆಂಗಸರಿಗೆ ಬಸ್ಸು ಉಚಿತ. ಆಧಾರ್ ಕಾರ್ಡು ತೋರಿಸಿದರೆ ಸೊನ್ನೆ ಬರೆದ ಟಿಕೆಟು ಹರಿದು ಕೊಡುತ್ತಾರೆ. ಕಂಡಕ್ಟರಮ್ಮ ಅತ್ತೆಯ ತೊಡೆಯ ಮೇಲಿದ್ದ ಉದ್ದನೆಯ ಚೀಲ ನೋಡಿದಳು.

"ಕೋಲಿಗೆ ಟಿಕೆಟ್ ಆಗ್ತದೇನ್ರಿ?" ಎಂದಳು ಅತ್ತೆ.

"ಹೆಣ್ಣು ಕೋಲಾದ್ರ ಫ್ರೀ."

"ಹೆಣ್ಣೇ ಅದ ತಗೋರಿ. ನಾ ಹೇಳಿದಂಗ ಕೇಳಾಂಗಿಲ್ಲ."

ಜಹೀರಾಬಾದ್ ದಾಟಿದ ಮೇಲೆ ಸ್ವಲ್ಪ ದೂರ ಕಬ್ಬು, ಆಮೇಲೆ ಉತ್ತು ಬಿಟ್ಟ ಕೆಂಪು ನೆಲ, ಕಪ್ಪು ನೆಲ, ಮತ್ತೆ ಕೆಂಪು. ಕಿಟಕಿಯಿಂದ ಬರುವ ಗಾಳಿ ಒಲೆಯ ಮುಂದೆ ಕೂತ ಹಾಗಿತ್ತು. ನಾರಾಯಣಖೇಡದಲ್ಲಿ ಇಳಿದಾಗ ಊರಿನ ಬಸ್ಸಿಗೆ ಬಹಳ ಹೊತ್ತಿತ್ತು. ಮಿರ್ಚಿ ಭಜಿ ತಿಂದೆವು, ಚಹಾ ಕುಡಿದೆವು. ಅತ್ತೆಯ ಕೈ ಸುಮ್ಮನಿರಲಿಲ್ಲ.

"ಇಲ್ಲೇ ಊರ ಹೊರಗ ಕೆರಿ ಅದ. ಒಂದೀಟು ನೋಡೋಣು ನಡಿ."

ಕೆರೆಯಲ್ಲಿ ನೀರು ಅರ್ಧ ಇಳಿದಿತ್ತು. ಅತ್ತೆ ದಂಡೆಯಲ್ಲೊಂದು ಕಲ್ಲು ಹುಡುಕಿ, ಸೀರೆ ಎತ್ತಿ ಸಿಕ್ಕಿಸಿ, ಮೊಣಕಾಲು ಮಡಚಿ ಕೂತಳು, ಊರಿನ ಕಲ್ಲಿನ ಮೇಲೆ ಕೂರುವ ಹಾಗೆಯೇ. ರಬ್ಬರಿನ ಕಪ್ಪೆ ಕಟ್ಟಿಕೊಟ್ಟೆ. ಬೀಸಲು ಕೈ ಹಿಂದಕ್ಕೆ ತಂದಳು, ಅಲ್ಲಿಯೇ ನಿಂತಳು.

ರೀಲಿನ ಹಿಂದೆ ರಾಡಿನ ಹಿಡಿಕೆ ಒಂದು ಮೊಳದಷ್ಟು ಉದ್ದವಿತ್ತು. ನಿಂತಾಗ ಅದು ಪಕ್ಕೆಯ ಬದಿಯಿಂದ ಹಾದುಹೋಗುತ್ತಿತ್ತು. ಕೂತಾಗ ಹೊಟ್ಟೆಗೂ ತೊಡೆಗೂ ನಡುವೆ ಸಿಕ್ಕಿಕೊಂಡಿತು. ತಪ್ಪಿಸಬೇಕೆಂದರೆ ಮೈಯನ್ನೆಲ್ಲ ತಿರುಗಿಸಿ ಬೀಸಬೇಕು, ಸುತ್ತುವಾಗ ಬಲ ಮೊಣಕೈಯನ್ನು ಪಕ್ಕಕ್ಕೆ ಎತ್ತಿ ಹಿಡಿಯಬೇಕು. ಭುಜಕ್ಕೆ ಆಗದ ಕೆಲಸವೇ ಅದು. ಎರಡು ಸಲ ಪ್ರಯತ್ನಿಸಿದಳು. ಮೂರನೆಯ ಸಲ ಹಲ್ಲು ಕಚ್ಚಿ ಕಣ್ಣು ಮುಚ್ಚಿದಳು. ಕಪ್ಪೆ ಅವಳ ಕಾಲಿನ ಹತ್ತಿರವೇ ಬಿದ್ದಿತ್ತು.

ಅಂಗಡಿಯ ಮುಂದೆ ಅಷ್ಟೆಲ್ಲ ಬೀಸಿ ನೋಡಿದೆವಲ್ಲ, ಒಂದು ಸಲವಾದರೂ ಅವಳನ್ನು ಕೂರಿಸಿ ನೋಡಲಿಲ್ಲ. ನಾನು ನೋಡಿದ ವಿಡಿಯೋಗಳಲ್ಲಿ ಎಲ್ಲರೂ ನಿಂತೇ ಇದ್ದರು.

"ನಿಂತು ಹಾಕಿದ್ರ ಆಗಂಗಿಲ್ಲೇನು ಅತ್ತಿ?"

"ನಿಂತು ಹಾಕೋರು ಬಸ್ಸಿಗೆ ಕಾಯೋರು. ನೆಳ್ಳು ನೀರಾಗ ಬಿತ್ತಂದ್ರ ಮೀನ ಓಡಿ ಹೋಗ್ತದ. ಕಲ್ಲಿನ ಮ್ಯಾಲ ಕುಂದ್ರಬೇಕು, ಸುಜಿ. ನಿಂತ್ರ ಅದು ಲೆಕ್ಕಕ್ಕ ಬರಂಗಿಲ್ಲ."

ನಾನು ರಾಡಿನ ಎರಡು ಭಾಗ ಬಿಚ್ಚಿ ಚೀಲಕ್ಕೆ ಹಾಕಿದೆ. ಅವಳು ಎಮ್ಮೆಯೊಂದು ನೀರಿಗಿಳಿಯುವುದನ್ನು ನೋಡುತ್ತ ಕೂತಿದ್ದಳು. ಆಮೇಲೆ, "ತುಳಜಿಗ ಹೇಳ್ತೀನಿ ಬಿಡು," ಎಂದಳು, "ಕಲ್ಲ ನೀನ ಇಟ್ಕೊ ಅಂತ. ಕಸ್ಗೊಂಡ್ಲು ಅನ್ನೋಕಿಂತ ಕೊಟ್ಟೆ ಅನ್ನೋದು ಚಲೋ."

ಅವಳು ಇಷ್ಟು ಮೆತ್ತಗೆ ಮಾತಾಡಿದ್ದು ನಾನು ಕೇಳಿರಲಿಲ್ಲ. ನಾನು ಫೋನು ತೆಗೆದೆ. ಕೊರಮೀನು ಹಿಡಿಯುವವರ ವಾಟ್ಸಾಪ್ ಗುಂಪೊಂದಕ್ಕೆ ಸೇರಿಕೊಂಡಿದ್ದೆ. ಅದರಲ್ಲಿ ತಾಂಡೂರಿನವನೊಬ್ಬ ತನ್ನ ಫೋಟೋಗಳನ್ನು ಹಾಕುತ್ತಲೇ ಇರುತ್ತಿದ್ದ. ಕಲ್ಲು ತೆಗೆದು ಬಿಟ್ಟ ಗಣಿಯ ಗುಂಡಿಯಲ್ಲಿ ಹಸಿರು ನೀರು, ನಡುವೆ ಗಾಳಿ ತುಂಬಿದ ಟ್ರ್ಯಾಕ್ಟರಿನ ಟ್ಯೂಬು, ಅದರ ಮೇಲೆ ದೊರೆಯ ಹಾಗೆ ಇವನು, ಕೈಯಲ್ಲಿ ರಾಡು. ಇಷ್ಟು ದಿನ ಆ ಫೋಟೋ ನೋಡಿ ನಕ್ಕು ಮುಂದೆ ಹೋಗಿದ್ದೆ. ಈಗ ದೊಡ್ಡದು ಮಾಡಿ ನೋಡಿದೆ. ಅವನು ಕೂತಿದ್ದ. ಅವನ ರಾಡಿನ ಹಿಡಿಕೆ ಗೇಣುದ್ದವೂ ಇರಲಿಲ್ಲ.

ಫೋನು ಹಚ್ಚಿದೆ. ಹೆಸರು ಅಂಜಯ್ಯ, ಬಂಡೆಗಳ ಲಾರಿ ಲೋಡಿನ ಮೇಸ್ತ್ರಿ. "ಬರ್ರಿ ಬರ್ರಿ ಭಾನುವಾರ," ಎಂದ. "ನನ್ನಷ್ಟು ರಾಡು ತಾಂಡೂರಾಗ ಯಾರ ಹತ್ರಾನೂ ಇಲ್ಲ."

"ಆ ಕಡಿ ಹೋಗಾಕ ಈ ಕಡಿ ಯಾಕ ಬಂದ್ವಿ?" ಎಂದು ಗೊಣಗುತ್ತಲೇ ಅತ್ತೆ ಜಹೀರಾಬಾದಿನ ಬಸ್ಸು ಹತ್ತಿದಳು. ಗೊಣಗಿದಳು ಎಂದರೆ ಆಸೆ ಸತ್ತಿಲ್ಲ ಎಂದು ನನಗೆ ಸಮಾಧಾನವಾಯಿತು.

ಮರುದಿನ ಅಂಗಡಿಗೆ ಹೋದಾಗ ಇಲಿಯಾಸ್ ಭಾಯ್ ರಾಡನ್ನು ಮರುಮಾತಿಲ್ಲದೆ ವಾಪಸು ತೆಗೆದುಕೊಂಡರು. "ಖಾಲಾಗ ಕುಂತು ನೋಡ್ರಿ ಅಂತ ನಾನೂ ಅನ್ಲಿಲ್ಲ ನೋಡ್ರಿ," ಎಂದು ಹಣೆ ಬಡಿದುಕೊಂಡರು. ರೀಲನ್ನು ಮಾತ್ರ ತೆಗೆದುಕೊಳ್ಳಲಿಲ್ಲ. ಅದರ ಜೊತೆಗೆ ಅದೇ ಐದು ಸುತ್ತಿನ ಗೇರಿನ ಒಂದು ಚಿಕ್ಕ ರೀಲನ್ನೂ ಕೊಟ್ಟರು. "ರಾಡು ಕಣ್ಣಿಲೆ ನೋಡದಾನ ಯಾವ ರೀಲು ಅಂತ ಹೆಂಗ ಹೇಳ್ಲಿ? ಎರಡೂ ಒಯ್ರಿ. ಒಗ್ಗಿದ್ದು ಇಟ್ಕೊಂಡು ಇನ್ನೊಂದು ವಾಪಸ್ ತರ್ರಿ."

ಭಾನುವಾರ ನಸುಕಿನಲ್ಲಿ ರೈಲು. ಜಹೀರಾಬಾದಿನಿಂದ ತಾಂಡೂರಿಗೆ ನೇರ ಗಾಡಿಯಿಲ್ಲ; ವಿಕಾರಾಬಾದಿನಲ್ಲಿ ಇಳಿದು ವಾಡಿ ಕಡೆಯ ಗಾಡಿ ಹಿಡಿಯಬೇಕು. ಬಸ್ಸಿಗೂ ದಾರಿಯಿದೆ, ಆದರೆ ಅತ್ತೆಗೆ ರೈಲೇ ಬೇಕೆನಿಸಿತ್ತು. ಇಲ್ಲಿ ಸೊನ್ನೆ ಟಿಕೆಟು ನಡೆಯುವುದಿಲ್ಲ ಎಂದಾಗ ರೈಲಿನವರ ಮೇಲೆ ಸ್ವಲ್ಪ ಹೊತ್ತು ಸಿಟ್ಟಾದಳು. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಈರುಳ್ಳಿ ಇತ್ತು. ಎದುರಿಗೆ ಕೂತ ಹೆಂಗಸು, ಚೀಲದಲ್ಲಿ ಏನಿದೆ ಎಂದು ತೆಲುಗಿನಲ್ಲಿ ಕೇಳಿದಳು. ಅತ್ತೆ ಎರಡೂ ರೀಲು ತೆಗೆದು ತೋರಿಸಿದಳು, ಹಿಡಿಕೆ ತಿರುಗಿಸಿ, "ಇದು ಕೆಸರಿನ ಗೇರು," ಎಂದು ತಿಳಿಸಿ ಹೇಳಿದಳು. ನಾನು ಕಿಟಕಿಯ ಕಡೆ ತಿರುಗಿ ನಕ್ಕೆ.

ತಾಂಡೂರಿನಲ್ಲಿ ಎಲ್ಲಿ ನೋಡಿದರೂ ಚಪ್ಪಡಿ ಕಲ್ಲು. ಮನೆಯ ನೆಲ ಕಲ್ಲು, ಕೆಲವು ಮನೆಯ ಮಾಡೂ ಕಲ್ಲು, ಹಿತ್ತಲಿನ ಬೇಲಿಯೂ ನಿಲ್ಲಿಸಿದ ಕಲ್ಲು. ರಸ್ತೆಯ ಬದಿಯ ಗಿಡಗಳಿಗೆ ಬಿಳಿ ಧೂಳು ಮೆತ್ತಿತ್ತು. ಅತ್ತೆ ಪ್ರತಿ ರಾಶಿಯ ಮುಂದೆಯೂ ನಿಂತು ಮುಟ್ಟಿ ನೋಡಿದಳು. "ಇಷ್ಟು ಕಲ್ಲು ಇಲ್ಲಿ ಬಿದ್ದಾವ, ನಾವು ಒಂದು ಕಲ್ಲಿಗೆ ಬಡದಾಡ್ತೀವಿ ನೋಡು," ಎಂದಳು.

ಅಂಜಯ್ಯ ಐವತ್ತರ ಹತ್ತಿರದ, ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಮನುಷ್ಯ. ತಾನು ಹಿಡಿದ ಕೊರಮೀನಿನ ಉದ್ದ ತೋರಿಸಲು ಎರಡು ಕೈ ಚಾಚಿದರೆ ಬಾಗಿಲಿಗೆ ತಾಗುತ್ತಿತ್ತು. "ಅಷ್ಟ ದೊಡ್ಡದು ಹಿಡಿದಿದ್ರ ನಮ್ಮ ಮನ್ಯಾಗ ಬೋಗುಣಿ ಎಲ್ಲಿತ್ರಿ ಅಕ್ಕಾ, ಕೇಳ್ರಿ," ಎಂದು ಅವನ ಹೆಂಡತಿ ಒಳಗಿನಿಂದಲೇ ಹೇಳಿದಳು. ತೊಗರಿ ಬೇಳೆಯ ಪಪ್ಪು, ಅನ್ನ, ಮಾವಿನ ಉಪ್ಪಿನಕಾಯಿ ಬಡಿಸಿದಳು. ತಾಂಡೂರಿನ ತೊಗರಿಯ ರುಚಿಯೇ ಬೇರೆ. ಅತ್ತೆ ಎರಡು ಸಲ ಹಾಕಿಸಿಕೊಂಡಳು.

ಊಟವಾದ ಮೇಲೆ ಗಣಿಯ ಗುಂಡಿಗೆ ಹೋದೆವು. ಹಳೆಯದು, ಯಾರೂ ಕೆಲಸ ಮಾಡದೆ ವರ್ಷಗಳಾಗಿವೆ. ಲಾರಿ ಇಳಿಯಲು ಮಾಡಿದ್ದ ಇಳಿಜಾರು ನೀರಿನವರೆಗೂ ಇತ್ತು. ಟ್ಯೂಬಿನ ಮೇಲೆ ತಾನೂ ಕೂರುತ್ತೇನೆಂದು ಅತ್ತೆ ಹಟ ಹಿಡಿದಳು. ನಾನು ಬಿಡಲಿಲ್ಲ. ಕೊನೆಗೆ ನೀರಿನಂಚಿನ ಚಪ್ಪಡಿಯ ಮೇಲೆ ಮೊಣಕಾಲು ಮಡಚಿ ಕೂತಳು. ಈ ಸಲ ಕೂತ ಮೇಲೆಯೇ ರಾಡು ಕೈಗೆ ಕೊಟ್ಟದ್ದು.

ಅಂಜಯ್ಯ ಮೂರು ರಾಡು ತಂದಿದ್ದ. ಟ್ಯೂಬಿನ ಮೇಲೆ ಹೊಟ್ಟೆಗೆ ಚುಚ್ಚುತ್ತದೆಂದು ಎಲ್ಲದರ ಹಿಡಿಕೆಯನ್ನೂ ಕಲ್ಲು ಕೊಯ್ಯುವಲ್ಲಿ ಕೊಯ್ಯಿಸಿ, ತುದಿಗೆ ಸೈಕಲ್ಲಿನ ರಬ್ಬರು ಹಾಕಿದ್ದ. ಮೊದಲಿನದು ಬಿರುಸು, ಹಗುರ ಕಪ್ಪೆಯನ್ನು ಅದು ದೂರ ಒಗೆಯುತ್ತಿರಲಿಲ್ಲ. ಐದೂವರೆ ಅಡಿಯದು ಹುಲ್ಲುಕಡ್ಡಿಯ ಹಾಗೆ ಬಾಗುತ್ತಿತ್ತು. ಕೊರಮೀನಿನ ಬಾಯಿ ಒಳಗೆಲ್ಲ ಮೂಳೆ. ಇಷ್ಟು ಮೆತ್ತನೆಯ ರಾಡಿನಿಂದ ಗಾಳ ನಾಟುವುದಿಲ್ಲ ಎಂದು ಅಂಜಯ್ಯನೇ ಒಪ್ಪಿಕೊಂಡ. ಉಳಿದದ್ದು ಆರಡಿಯ ರಾಡು: ತುದಿ ಮೆತ್ತಗೆ, ನಡು ಗಟ್ಟಿ. ಅತ್ತೆ ಅದನ್ನು ಗಾಳಿಯಲ್ಲಿ ಆಡಿಸಿ, "ಇದಕ್ಕ ಬೆನ್ನೆಲುಬು ಅದ," ಎಂದಳು.

ಅದಕ್ಕೆ ಮೊದಲು ದೊಡ್ಡ ರೀಲು ಹಚ್ಚಿದೆ. ರಾಡನ್ನು ಒಂದು ಬೆರಳಿನ ಮೇಲೆ ಇಟ್ಟು ನೋಡಿದರೆ ಹಿಂಭಾಗ ಧೊಪ್ಪನೆ ಇಳಿಯಿತು. ಏಳಡಿಯ ಬಿರುಸು ರಾಡಿಗಾದರೆ ಅದು ಸರಿ. ಇದಕ್ಕೆ ಎತ್ತಿಗೆ ಎಮ್ಮೆ ಜೋಡಿ ಕಟ್ಟಿದ ಹಾಗೆ. ಬಿಚ್ಚಿ ಚಿಕ್ಕದನ್ನು ಹಚ್ಚಿದೆ, ಅದರ ಹಿಡಿಕೆಯನ್ನು ಬಲಕ್ಕೆ ಹಾಕಿದೆ. ಮತ್ತೆ ಬೆರಳಿನ ಮೇಲಿಟ್ಟೆ. ರೀಲಿನ ತುಸು ಮುಂದೆ, ತಕ್ಕಡಿಯ ಮುಳ್ಳು ನಿಂತ ಹಾಗೆ ನಿಂತಿತು. ಅಂಜಯ್ಯ ಬಗ್ಗಿ ನೋಡಿದ. "ಸರೀನಪ್ಪಾ," ಎಂದ.

ಅತ್ತೆ ಎಡಗೈಯಲ್ಲಿ ಬೀಸಿದಳು. ರಾಡಿನ ಹಿಡಿಕೆ ಎಲ್ಲಿಯೂ ತಾಗಲಿಲ್ಲ. ಕಪ್ಪೆ ಹಸಿರು ನೀರಿನ ಮೇಲೆ ದೂರ ಹೋಗಿ ಟಪ್ ಎಂದಿತು. ಬಲಗೈಯಿಂದ ಸುತ್ತಿದಳು, ಮೊಣಕೈ ಮಾತ್ರ ಆಡಿತು, ಭುಜ ಅಲ್ಲಾಡಲಿಲ್ಲ. ಅವಳು ನನ್ನ ಕಡೆ ನೋಡಲಿಲ್ಲ. ಮತ್ತೆ ಬೀಸಿದಳು, ಮತ್ತೆ ಸುತ್ತಿದಳು. ಹತ್ತನೆಯದೋ ಹನ್ನೊಂದನೆಯದೋ ಸಲ ನೀರು ಸ್ಫೋಟಿಸಿದಂತೆ ಎದ್ದಿತು. ಅತ್ತೆ "ಬಂತು!" ಎಂದು ಎಡಗೈಯಲ್ಲೇ ರಾಡನ್ನು ತಲೆಯ ಮೇಲಿಂದ ಹಿಂದಕ್ಕೆ ಒಗೆದಳು. ಮೀನು ನೀರಿನಲ್ಲಿಯೇ ಉಳಿಯಿತು. ಕಪ್ಪೆ ಹಾರಿ ಬಂದು ಅಂಜಯ್ಯನ ಟೋಪಿ ಹೊತ್ತುಕೊಂಡು ಹಿಂದಿನ ಕಲ್ಲಿನ ರಾಶಿಯ ಮೇಲೆ ಬಿತ್ತು.

"ಅಕ್ಕಾ, ಅದು ಬಾಯಿಗೆ ಹಾಕ್ಕೊಂಡ ಮ್ಯಾಲ ಒಂದು ಉಸುರು ಬಿಡ್ರಿ. ಆಮ್ಯಾಲ ಎಳಿರಿ. ಒಗಿಬ್ಯಾಡ್ರಿ, ಸುತ್ರಿ."

"ಇಷ್ಟು ವರ್ಷ ಒಗದ ಕೈ ಅದ ತಮ್ಮಾ. ಅದಕ್ಕ ಹೇಳಬೇಕು, ನನಗಲ್ಲ."

ತನ್ನ ಹೆಂಡತಿ ಹೇಗೂ ಈ ರಾಡುಗಳನ್ನು ಒಲೆಗೆ ಹಾಕುತ್ತೇನೆಂದು ಹೆದರಿಸುತ್ತಾಳೆ ಎಂದು ಹೇಳಿ ಅಂಜಯ್ಯ ರಾಡನ್ನು ಅರ್ಧ ಬೆಲೆಗೆ ಕೊಟ್ಟ. ಮೊದಲ ಮೀನಿನ ಫೋಟೋ ಗುಂಪಿಗೆ ಹಾಕಬೇಕು, ರಾಡು ಅಂಜಯ್ಯನದು ಎಂದು ಬರೆಯಬೇಕು ಎಂದು ಮಾತು ತೆಗೆದುಕೊಂಡ.

ದೊಡ್ಡ ರೀಲನ್ನು ಇಲಿಯಾಸ್ ಭಾಯ್ ಅವರಿಗೆ ಮುಟ್ಟಿಸಿ, ರಜೆ ಹಾಕಿ, ಮಿರಗದ ಹಿಂದಿನ ದಿನ ಊರಿಗೆ ಹೋದೆವು. ನಾರಾಯಣಖೇಡದಿಂದ ಮುಂದೆ ಮೋಡ ಕಟ್ಟಿತ್ತು. ನಾಲ್ಕು ಹನಿ ಬಿದ್ದು ಧೂಳಿನ ವಾಸನೆ ಎದ್ದಿತು, ಮಳೆ ಆಗಲಿಲ್ಲ.

ಮಿರಗದ ಬೆಳಿಗ್ಗೆ ಕಟ್ಟೆಯ ಮೇಲೆ ಜನವೋ ಜನ. ಅತ್ತೆ ತನ್ನ ಕಲ್ಲಿನ ಮೇಲೆ ನೀರು ಹಾಕಿ ತೊಳೆದು ಕೂತಳು. ಪಕ್ಕದ ಕಲ್ಲಿನಲ್ಲಿ ತುಳಜಮ್ಮ, ಸಣಕಲು ಹೆಂಗಸು, ಬಿದಿರು ಹಿಡಿದು ಆಗಲೇ ಎರಡು ಮೀನು ತೆಗೆದಿದ್ದಳು.

"ಏನಿದು ಮಾಣಿಕಿ, ಸೈಕಲಿಗೆ ಗಾಳಿ ಹಾಕೋದು ತಂದೀಯಲ್ಲ?"

"ನಿನ್ನ ಬಾಯಾಗಿನ ಗಾಳಿ ತೆಗಿಯೋದು."

"ಇದು ಗಾಳದ ಲೆಕ್ಕಕ್ಕ ಬರ್ತದೇನು?"

"ದಾರ ಅದ, ಕೊಕ್ಕಿ ಅದ, ನಾ ಕಲ್ಲಿನ ಮ್ಯಾಲ ಕುಂತೀನಿ. ಇನ್ನೇನು ಬೇಕು, ಮುಹೂರ್ತ?"

ಬಿಸಿಲು ಏರಿತು. ಅತ್ತೆ ಬೀಸಿದಳು, ಸುತ್ತಿದಳು. ಕಪ್ಪೆ ತಾವರೆ ಎಲೆಗಳ ಮೇಲೆ ಕುಪ್ಪಳಿಸಿ ಬಂತು, ಏನೂ ಆಗಲಿಲ್ಲ. ನಾನು ಹಿಂದೆ ಹುಲ್ಲಿನ ಮೇಲೆ ಕೂತಿದ್ದೆ. ಮಾತಾಡಬಾರದೆಂದು ಬಾಯಿಗೆ ಸೆರಗು ಹಿಡಿದಿದ್ದೆ. ಉಳಿದ ಹೆಂಗಸರು ಒಬ್ಬೊಬ್ಬರಾಗಿ ಬುಟ್ಟಿ ಎತ್ತಿಕೊಂಡು ಮನೆಗೆ ಹೋದರು, ಒಲೆ ಹಚ್ಚುವ ಹೊತ್ತು. ತುಳಜಮ್ಮ ಮಾತ್ರ ಹೋಗಲಿಲ್ಲ. ಅವಳಿಗೆ ಬೇಕಾದಷ್ಟು ಮೀನು ಆಗಿತ್ತು. ಕಲ್ಲು ತನಗೆ ಬರುವುದನ್ನು ನೋಡಲು ಕೂತಿದ್ದಾಳೆ ಎಂದುಕೊಂಡೆ.

ಆಗ ಎರಡು ಎಲೆಗಳ ನಡುವೆ ನೀರು ಬಾಯಿ ತೆರೆಯಿತು. ಕಪ್ಪೆ ಮಾಯವಾಯಿತು. ಅತ್ತೆಯ ಎಡಗೈ ಮೇಲಕ್ಕೆ ಹಾರಲು ಹೊರಟದ್ದು ನನಗೆ ಕಂಡಿತು. ಅರ್ಧಕ್ಕೆ ನಿಂತಿತು. ಅವಳು ಗಟ್ಟಿಯಾಗಿ ಉಸಿರು ಬಿಟ್ಟಳು, ಕಟ್ಟೆಯ ಮೇಲಿನವರಿಗೂ ಕೇಳುವಷ್ಟು. ಆಮೇಲೆ ಎಳೆದಳು. ರಾಡು ಕುಡುಗೋಲಿನ ಹಾಗೆ ಬಾಗಿತು. ರೀಲು ಕಿರ್ರ್ ಎಂದು ದಾರ ಬಿಟ್ಟಿತು.

"ಸುತ್ತ ಅತ್ತಿ, ಸುತ್ತ!" ಎಂದು ನಾನು ಕೂಗಿದೆ.

"ಕೆಸರಿನ ಗೇರು ಅದ ಸುಮ್ಕಿರ!" ಎಂದಳು ತಿರುಗದೆ.

ಸುತ್ತಿದಳು. ಮೀನು ಎಲೆಗಳನ್ನು ಹರಿದುಕೊಂಡು ಬಂತು, ಮತ್ತೆ ಓಡಿತು, ಮತ್ತೆ ಬಂತು. ಕಲ್ಲಿನ ಬುಡಕ್ಕೆ ಬಂದಾಗ ಅದರ ಹಾವಿನ ತಲೆ, ಹಳದಿ ಹೊಟ್ಟೆ ಕಂಡವು. ಮೊಣಕೈಯುದ್ದದ ಕೊರಮೀನು. ಆದರೆ ಬೇಸಿಗೆಯಲ್ಲಿ ನೀರು ಇಳಿದು ಕಲ್ಲು ಸೊಂಟದೆತ್ತರ ಮೇಲೆ ಉಳಿದಿತ್ತು. ದಾರ ಹಿಡಿದು ಎತ್ತಿದರೆ ಹರಿಯುತ್ತದೆ. ಬಗ್ಗಿ ಕೈ ಚಾಚಬೇಕು, ಚಾಚುವ ಕೈ ಬಲಗೈ. ಎಡಗೈ ರಾಡು ಬಿಡುವಂತಿಲ್ಲ. ಅತ್ತೆ ಒಮ್ಮೆ ಬಗ್ಗಿದಳು, ಮುಖ ಕಿವುಚಿತು, ಮತ್ತೆ ನೆಟ್ಟಗಾದಳು. ಕೂತು ಬೀಸುವುದನ್ನು ನೋಡಿದ್ದೆವು, ಸುತ್ತುವುದನ್ನು ನೋಡಿದ್ದೆವು. ಕಲ್ಲಿನಿಂದ ಬಗ್ಗಿ ಮೀನು ಎತ್ತಬೇಕು ಎನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಅವಳು ಎಂದೂ ಮೀನು ಎತ್ತಿದವಳಲ್ಲ, ಒಗೆದವಳು.

ನಾನು ಎದ್ದು ಓಡಿದೆ.

"ನೀ ಬ್ಯಾಡ!" ಎಂದಳು ಅತ್ತೆ. ಮನೆಯವರು ಕೈ ಹಚ್ಚಿದರೆ ಮೀನು ಲೆಕ್ಕಕ್ಕಿಲ್ಲ. ನಾನು ಮೊಣಕಾಲುದ್ದ ನೀರಿನಲ್ಲಿ ನಿಂತುಬಿಟ್ಟೆ. ಮೀನು ಬಾಲ ಬಡಿಯಿತು, ಇನ್ನೊಂದು ಸಲ ಬಡಿದರೆ ಗಾಳ ಬಿಡುತ್ತಿತ್ತು.

ಪಕ್ಕದಲ್ಲಿ ಧುಡುಂ ಎಂದು ಸದ್ದಾಯಿತು. ತುಳಜಮ್ಮ ತನ್ನ ಬಿದಿರನ್ನು ಒಗೆದು ಸೀರೆ ಸಮೇತ ನೀರಿಗೆ ಹಾರಿದ್ದಳು. ಬಂದವಳೇ ಎರಡು ಬೆರಳು ಕಿವಿರಿಗೆ ಹಾಕಿ ಕೊರಮೀನನ್ನು ಎತ್ತಿ, ಅತ್ತೆಯ ತಲೆಯ ಮೇಲಿಂದ ಹಿಂದಕ್ಕೆ, ಕಟ್ಟೆಯ ಹುಲ್ಲಿಗೆ ಒಗೆದಳು.

"ನೋಡಕೋತ ಕುಂತೀಯಲ್ಲ ಮಾಣಿಕಿ, ಒಲಿ ಯಾವಾಗ ಹಚ್ಚತಿ?" ಎಂದಳು ಸೀರೆ ಹಿಂಡುತ್ತ.

ಅತ್ತೆ ರಾಡು ಕೆಳಗಿಟ್ಟಳು. "ಕಲ್ಲು ನಿನಗ ಬರ್ತಿತ್ತಲ್ಲ, ಹುಚ್ಚಿ. ನೆಳ್ಳಾಗ ಕುಂದ್ರತಿದ್ದಿ."

"ನೆಳ್ಳು ತಗೊಂಡು ಏನ್ ಮಾಡ್ಲಿ? ಈ ಒಂದು ವರ್ಷ ನಿನ್ನ ಕಲ್ಲಿನ ಕಡಿ ಹೊಳ್ಳಿ ಬೈಯಾಕ ಹೋದ್ರ ಯಾರೂ ಇರ್ತಿರಲಿಲ್ಲ. ಸಾಕಾಗಿ ಹೋಗ್ಯದ."

ಫೋಟೋ ತೆಗೆದೆ. ಮೀನು, ಇಬ್ಬರು ಹೆಂಗಸರು, ನಡುವೆ ರಾಡು. ಅಂಜಯ್ಯನ ಹೆಸರು ಹಾಕಿ ಗುಂಪಿಗೆ ಕಳಿಸಿದೆ. ಬೋಗುಣಿ ಚಿಕ್ಕದಾಯಿತೇ ಎಂದು ಅವನ ಹೆಂಡತಿ ಕೇಳುತ್ತಿದ್ದಾಳೆ ಎಂದು ಉತ್ತರ ಬಂತು. ಆಗಲಿಲ್ಲ, ಮೀನನ್ನು ನಡುವೆ ಕೊಯ್ದು ಎರಡು ಮನೆಯಲ್ಲಿ ಬೇಯಿಸಿದೆವು.

ಮರುದಿನ ಬೆಳಿಗ್ಗೆ ನನಗೆ ಕೆಲಸವಿತ್ತು, ಅಂದೇ ಸಂಜೆಯ ಬಸ್ಸಿಗೆ ಹೊರಟೆ. ಬಸ್ಸು ಊರು ಬಿಟ್ಟ ಮೇಲೆ ಸ್ವಲ್ಪ ದೂರ ಕಟ್ಟೆಯ ಮೇಲೆಯೇ ಹೋಗುತ್ತದೆ. ಕಿಟಕಿಯಿಂದ ನೋಡಿದೆ. ಜಾಲಿ ಮರದ ನೆರಳಿನಲ್ಲಿ, ಒಂದೇ ಕಲ್ಲಿನ ಮೇಲೆ, ಇಬ್ಬರೂ ಒತ್ತಿಕೊಂಡು ಕೂತಿದ್ದರು. ರಾಡು ತುಳಜಮ್ಮನ ಕೈಯಲ್ಲಿತ್ತು. ಅವಳು ಜೋರಾಗಿ ಬೀಸಿದಳು. ರಬ್ಬರಿನ ಕಪ್ಪೆ ನೀರಿಗೆ ಹೋಗದೆ ಮೇಲಿನ ಜಾಲಿ ಕೊಂಬೆಗೆ ಸುತ್ತಿಕೊಂಡು ತೂಗಾಡಿತು. ಬಸ್ಸು ತಿರುವಿನಲ್ಲಿ ನಿಧಾನವಾದಾಗ ಅತ್ತೆಯ ದನಿ ನೀರಿನ ಮೇಲಿಂದ ಸ್ಪಷ್ಟವಾಗಿ ಕೇಳಿತು.

"ಹಂಗ ಸುಮ್ಕ ಬರಂಗಿಲ್ಲ ಅದು, ತುಳಜೀ! ಅದಕ್ಕ ಡಿಗ್ರಿ ಬೇಕಾಗ್ತದ, ಡಿಗ್ರಿ!"